ಪದಚರ್ಚೆ: ತೆರಿಗೆಯ ಮಾತಿನಲ್ಲಿ ‘ನಿವಾಸಿ’ ಅಂದರೆ ಯಾರು?

ಗೆಳೆಯರೇ, ನಮಸ್ಕಾರ.

ನಾನು ಜಯನಗರದ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಹೊರದೇಶದಿಂದ ಬೆಂಗಳೂರಿಗೆ ವಾಪಸ್ ಬರುವವರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅದನ್ನು ಜಾಸ್ತಿ ಓದುವವರು ಅವರ ಅಪ್ಪ ಅಮ್ಮ. ಮಕ್ಕಳ ಮನೆ ಬಾಡಿಗೆ, ಬ್ಯಾಂಕ್ ಕೆಲಸ ಎಲ್ಲ ನೋಡಿಕೊಳ್ಳುವವರು ಅವರೇ ಅಲ್ವಾ? ಬರೆಯುತ್ತಾ ‘ನಿವಾಸಿ’ ಅನ್ನುವ ಪದದ ಹತ್ತಿರ ಬಂದು ನಿಂತಿದ್ದೇನೆ.

‘ಮಲ್ಲೇಶ್ವರದ ನಿವಾಸಿ’ ಅಂದರೆ ಅಲ್ಲಿ ಮನೆ ಮಾಡಿಕೊಂಡಿರುವವರು, ಆ ಜಾಗದವರು ಎಂದೇ ನಮ್ಮ ಕಿವಿಗೆ ಕೇಳುತ್ತದೆ. ಆದಾಯ ತೆರಿಗೆ ಕಾಯ್ದೆ ಮನೆ ಎಲ್ಲಿದೆ ಎಂದು ಕೇಳುವುದಿಲ್ಲ, ದಿನ ಎಣಿಸುತ್ತದೆ. ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ 182 ದಿನ ಭಾರತದಲ್ಲಿದ್ದರೆ ನೀವು ನಿವಾಸಿ. ಅಷ್ಟು ಇರದಿದ್ದರೂ ಆ ವರ್ಷ 60 ದಿನ, ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೆ ಆಗಲೂ ನಿವಾಸಿ. ರಜೆಗೆ ಬಂದು ಹೋಗುವ ಅನಿವಾಸಿ ಭಾರತೀಯರಿಗೆ ಈ 60 ದಿನದ ಲೆಕ್ಕದಲ್ಲಿ ಸಡಿಲಿಕೆ ಇದೆ. ಪೌರತ್ವದ ಮಾತು ಬರುವುದು ಇಂಥ ಕಡೆ ಮಾತ್ರ. ಬಿಡದಿಯ ಕಾರ್ಖಾನೆಗೆ ಕೆಲಸಕ್ಕೆ ಬಂದು ವರ್ಷವಿಡೀ ಇಲ್ಲೇ ಇರುವ ಜಪಾನಿ ಎಂಜಿನಿಯರ್ ತೆರಿಗೆಯ ಲೆಕ್ಕದಲ್ಲಿ ನಿವಾಸಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಸಿಂಗಪುರದಲ್ಲಿ ದುಡಿಯುವ ನಮ್ಮ ಹುಡುಗಿ ಅನಿವಾಸಿ.

ಇದು ಬರೀ ಪದದ ಗೊಂದಲ ಅಲ್ಲ. ಹನ್ನೆರಡು ವರ್ಷ ಅಮೆರಿಕದಲ್ಲಿದ್ದು, ನಡುನಡುವೆ ಸ್ವಲ್ಪ ದಿನ ಮಾತ್ರ ಊರಿಗೆ ಬರುತ್ತಿದ್ದ ಇಬ್ಬರನ್ನು ತೆಗೆದುಕೊಳ್ಳಿ. ಒಬ್ಬರು 2024ರ ಸೆಪ್ಟೆಂಬರ್ ಮಧ್ಯದಲ್ಲಿ ಬನಶಂಕರಿಗೆ ಬಂದು ನಿಂತರು. ಇನ್ನೊಬ್ಬರು ನವೆಂಬರ್‌ನಲ್ಲಿ ಬಂದರು. 2024-25ರ ಲೆಕ್ಕದಲ್ಲಿ ಮೊದಲನೆಯವರು ನಿವಾಸಿ, ಎರಡನೆಯವರು ಅನಿವಾಸಿ. ಆದರೆ ಬ್ಯಾಂಕಿನವರು ನೋಡುವುದು ಬೇರೆ ಕಾಯ್ದೆ, 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ). ಅದು ಇಲ್ಲೇ ಉಳಿಯುವ ಉದ್ದೇಶವನ್ನೂ ನೋಡುತ್ತದೆ. ಹಾಗಾಗಿ ಎರಡನೆಯವರೂ ಬಂದ ಕೂಡಲೇ, ಅನಿವಾಸಿಗಳಿಗೆಂದೇ ಇರುವ ತಮ್ಮ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು. ಒಬ್ಬರೇ ಮನುಷ್ಯ, ಒಂದೇ ತಿಂಗಳು: ಬ್ಯಾಂಕಿಗೆ ನಿವಾಸಿ, ತೆರಿಗೆ ಇಲಾಖೆಗೆ ಅನಿವಾಸಿ. ಅದಕ್ಕೇ ಕೈಪಿಡಿಯಲ್ಲಿ ಸುಮ್ನೆ ‘ನಿವಾಸಿ’ ಎಂದು ಬರೆಯದೆ ಎಲ್ಲ ಕಡೆ ‘ತೆರಿಗೆ ನಿವಾಸಿ’ ಎಂದು ಬರೆಯುವ ಯೋಚನೆ ಇದೆ. ‘ಟ್ಯಾಕ್ಸ್ ರೆಸಿಡೆನ್ಸಿ ಸರ್ಟಿಫಿಕೇಟ್’ ಕೇಳಿದರೆ ನಾಡಕಚೇರಿಯ ವಾಸಸ್ಥಳ ದೃಢೀಕರಣ ಪತ್ರ ತಂದುಕೊಡುವವರಿದ್ದಾರೆ. ಬೇಕಿರುವುದು ಅವರು ಯಾವ ದೇಶದ ತೆರಿಗೆ ನಿವಾಸಿಯೋ ಆ ದೇಶದ ತೆರಿಗೆ ಇಲಾಖೆ ಕೊಡುವ ಪತ್ರ. ‘ತೆರಿಗೆ ನಿವಾಸ ಪತ್ರ’ ಎಂದರೆ ಈ ಗೊಂದಲವೂ ಕಡಿಮೆಯಾಗಬಹುದು.

ನಿಜವಾದ ಕಗ್ಗಂಟು ನಿವಾಸಿ, ಅನಿವಾಸಿ ಇವೆರಡರ ನಡುವೆ ಕಾಯ್ದೆ ಇಟ್ಟಿರುವ ಇನ್ನೊಂದು ದರ್ಜೆಯದ್ದು. ಇಂಗ್ಲಿಷ್ ಕಾಯ್ದೆಯ ಮಾತನ್ನು ಹಾಗೇ ಇಳಿಸಿದರೆ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂದಾಗುತ್ತದೆ. ಕನ್ನಡದಲ್ಲಿ ‘ಅವನೇನು ಸಾಮಾನ್ಯ ಅಲ್ಲ’ ಎಂದರೆ ದೊಡ್ಡ ಕುಳ ಅಥವಾ ಬಲು ಚಾಲಾಕಿ ಎಂದರ್ಥ! ಹಿರಿಯರೊಬ್ಬರು ಈ ಸಾಲು ಓದಿ, ಇದು ದೊಡ್ಡ ಶ್ರೀಮಂತರಿಗೆ ಮಾತ್ರ ಇರುವ ನಿಯಮ ಎಂದುಕೊಂಡರು. ಅವರ ಮಗಳು ಇದೇ ದರ್ಜೆಗೆ ಸೇರಿದವಳು. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಜಾಸ್ತಿ ಇಲ್ಲಿ ಇರದವರು ಇದರಲ್ಲಿ ಬರುತ್ತಾರೆ. ಮೇಲೆ ಹೇಳಿದ ಸೆಪ್ಟೆಂಬರ್‌ನವರೂ ಇದರಲ್ಲೇ ಬರುತ್ತಾರೆ. ಈ ದರ್ಜೆ ಇರುವಷ್ಟು ಕಾಲ ಅಮೆರಿಕದ ಮನೆ ಬಾಡಿಗೆಗೆ, ಅಲ್ಲಿನ ಬ್ಯಾಂಕ್ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಇದು ಮುಗಿದ ಮೇಲೆ ಜಗತ್ತಿನ ಎಲ್ಲ ಕಡೆಯ ಆದಾಯವೂ ಇಲ್ಲಿನ ಲೆಕ್ಕಕ್ಕೆ ಬರುತ್ತದೆ. ಹೊರಗಿನ ಖಾತೆ, ಷೇರು, ಮನೆ ಎಲ್ಲವನ್ನೂ ರಿಟರ್ನ್‌ನಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಇಷ್ಟು ತೂಕದ ಮಾತು ಓದುವವರಿಗೆ ತಪ್ಪಾಗಿ ತಿಳಿಯಬಾರದು ಅನ್ನುವುದೇ ನನ್ನ ಕಳಕಳಿ.

ನನಗೆ ತೋಚಿದ್ದು ‘ನೆಲೆಸಿದ ನಿವಾಸಿ’, ‘ಇನ್ನೂ ನೆಲೆಸದ ನಿವಾಸಿ’ ಅನ್ನುವ ಜೋಡಿ. ‘ನೆಲೆ’ ನಮ್ಮದೇ ಪದ, ಬೇರು ಬಿಟ್ಟು ನಿಂತ ಭಾವ ಅದರಲ್ಲಿದೆ. ಕೊಲ್ಲಿ ದೇಶಗಳಲ್ಲಿರುವ ಕೆಲವು ಭಾರತೀಯ ಪ್ರಜೆಗಳಿಗೂ ಇದು ಹೊಂದುತ್ತದೆ. ಅವರು ಬೇರೆಲ್ಲೂ ತೆರಿಗೆಗೆ ಒಳಪಡದೆ, ಇಲ್ಲಿನ ಆದಾಯ 15 ಲಕ್ಷ ದಾಟಿದ್ದರೆ, ಇಲ್ಲಿ ಒಂದು ದಿನವೂ ಇರದಿದ್ದರೂ ಕಾಯ್ದೆ ಅವರನ್ನು ನಿವಾಸಿ ಎಂದು ಭಾವಿಸಿ ಇದೇ ನಡುವಿನ ದರ್ಜೆಯಲ್ಲಿ ಇಡುತ್ತದೆ. ನೆಲೆಸದ ನಿವಾಸಿ ಎಂದರೆ ಅವರೇ ಅಲ್ವಾ?

ಕಾಯ್ದೆಯ ಮಾತನ್ನು ಮುಟ್ಟಬಾರದು ಎಂದು ಕೆಲವರು ಹೇಳಬಹುದು. 1961ರ ಕಾಯ್ದೆಯಲ್ಲಿದ್ದ ‘ಹಿಂದಿನ ವರ್ಷ’ (ಆದಾಯ ಗಳಿಸಿದ ವರ್ಷ), ‘ನಿರ್ಧರಣಾ ವರ್ಷ’ (ಆ ಆದಾಯದ ತೆರಿಗೆ ಲೆಕ್ಕ ಹಾಕುವ ಮುಂದಿನ ವರ್ಷ) ಎಂಬ ಜೋಡಿ ಜನರನ್ನು ಎಷ್ಟು ಗೋಳಾಡಿಸಿತ್ತು ನೋಡಿ. 2025ರ ಹೊಸ ಕಾಯ್ದೆ ಅವೆರಡನ್ನೂ ಬಿಟ್ಟು ‘ತೆರಿಗೆ ವರ್ಷ’ ಅನ್ನುವ ಒಂದೇ ಮಾತು ತಂದಿದೆ. ಕಾಯ್ದೆಯೇ ಬದಲಾಗುವಾಗ ಕೈಪಿಡಿಗೆ ಹಿಂಜರಿಕೆ ಬೇಡ ಅನಿಸುತ್ತದೆ.

ಇನ್ನು, ಇಲ್ಲಿಗೆ ಕೆಲಸಕ್ಕೆ ಬಂದ ವಿದೇಶಿಯರನ್ನು ಏನೆಂದು ಕರೆಯುವುದು? ‘ಪರದೇಶಿ’ ಎಂದರೆ ನಮ್ಮಲ್ಲಿ ದಿಕ್ಕಿಲ್ಲದವನು. ‘ವಲಸಿಗ’ ಎಂದರೆ ಕೂಲಿಗೆ ಗುಳೆ ಬಂದವರ ನೆನಪಾಗುತ್ತದೆ. ಸದ್ಯಕ್ಕೆ ‘ಇಲ್ಲಿ ದುಡಿಯುವ ವಿದೇಶಿ’ ಎಂದು ಬರೆದಿದ್ದೇನೆ. ಉದ್ದವಾದರೂ ತಪ್ಪಿಲ್ಲ.

‘ಅನಿವಾಸಿ’ ಪದದ ಬಗ್ಗೆಯೂ ಒಂದು ಕೇಳಬೇಕು. ಅನಿವಾಸಿ ಎಂದರೆ ಇಲ್ಲಿ ತೆರಿಗೆಯೇ ಇಲ್ಲ ಎಂದು ಎಷ್ಟೋ ಜನ ನಂಬಿದ್ದಾರೆ. ಬೆಂಗಳೂರಿನ ಮನೆಯ ಬಾಡಿಗೆಗೆ ಅನಿವಾಸಿಗೂ ಇಲ್ಲೇ ತೆರಿಗೆ ಬೀಳುತ್ತದೆ. ಬಾಡಿಗೆದಾರರು ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಹಿಡಿದೇ ಬಾಡಿಗೆ ಕೊಡಬೇಕು. ‘ಮನೆ ಕಂದಾಯ ಕಟ್ಟಿದ್ದೀವಲ್ಲ’ ಅನ್ನುತ್ತಾರೆ. ಆದರೆ ಕಂದಾಯ ಬೇರೆ, ಆದಾಯ ತೆರಿಗೆ ಬೇರೆ. ಈ ನಂಬಿಕೆಗೆ ಎಡೆ ಕೊಡದ ಬೇರೆ ಪದ ಯಾರಾದರೂ ಬಳಸಿದ್ದೀರಾ? ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ಕೊಲ್ಲಿಗೆ ಹೋದವರ ಬಗ್ಗೆ ಮಾತಾಡುವಾಗ ಏನು ಪದ ಬಳಸುತ್ತಾರೆ? ಅಲ್ಲಿಯವರು ದಯವಿಟ್ಟು ತಿಳಿಸಿ. ‘ನೆಲೆಸದ ನಿವಾಸಿ’ ಕಿವಿಗೆ ಒಗ್ಗುತ್ತದಾ ಅನ್ನುವುದನ್ನೂ ಹೇಳಿ.