ಮನೆಗೇ ಬಂದು ನಾಯಿಗೆ ದಯಾಮರಣ ಕೊಡಿಸಲು ಎಷ್ಟಾಗುತ್ತದೆ? ಡಾಕ್ಟರನ್ನು ಕೇಳಿ

ಅಡ್ಮಿನ್: ಈ ತಿಂಗಳು ಐದಾರು ಜನ ಇದನ್ನೇ ಕೇಳಿದ್ದೀರಿ. ಗುಂಪಿನಲ್ಲಿರುವ ಪಶುವೈದ್ಯರು ಇವತ್ತು ಸಂಜೆ 7ರಿಂದ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಬ್ರೂನೋ ಮನೆಯವರು: ನಮಸ್ತೆ ಡಾಕ್ಟ್ರೇ. ನಮ್ಮ ಲ್ಯಾಬ್ರಡಾರ್ ನಾಯಿ ಬ್ರೂನೋಗೆ 13 ವರ್ಷ, 34 ಕೆಜಿ. ಸೊಂಟ ಬಿದ್ದು ನಾಲ್ಕು ತಿಂಗಳಾಯಿತು, ಮಲಗಿ ಮಲಗಿ ಹುಣ್ಣಾಗಿದೆ. ಇಬ್ಬರು ಡಾಕ್ಟರು ಕೈಚೆಲ್ಲಿದ್ದಾರೆ. ಕಾರಿಗೆ ಎತ್ತಲು ಹೋದರೆ ಕಿರುಚುತ್ತಾನೆ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಮನೆಗೆ ಬಂದರೆ ಎಷ್ಟಾಗುತ್ತದೆ?

ಡಾಕ್ಟರ್: ನಮಸ್ತೆ. ನನ್ನ ಲೆಕ್ಕ ಹೇಳುತ್ತೇನೆ, ಬೇರೆಯವರದ್ದು ಬೇರೆ ಇರುತ್ತದೆ. 15 ಕೆಜಿ ಒಳಗೆ 3,500. ಬ್ರೂನೋ ಥರ ದೊಡ್ಡ ನಾಯಿಗೆ 5,000. ರಿಂಗ್ ರೋಡ್ ದಾಟಿದರೆ 500, ರಾತ್ರಿ 9 ಆದಮೇಲೆ 1,500 ಜಾಸ್ತಿ. ಮಣ್ಣು ಮಾಡುವ ಖರ್ಚು ಇದರಲ್ಲಿ ಸೇರಿಲ್ಲ. ಔಷಧಿ ತೂಕದ ಮೇಲೆ ಹೋಗುತ್ತದೆ, ಅದಕ್ಕೇ ರೇಟ್ ಬೇರೆ.
ಮೊದಲು ತೊಡೆಗೆ ಒಂದು ಇಂಜೆಕ್ಷನ್. ಹತ್ತು ಹದಿನೈದು ನಿಮಿಷಕ್ಕೆ ಗಾಢ ನಿದ್ದೆ ಬರುತ್ತದೆ. ಆಮೇಲೆ ಮುಂಗಾಲಿನ ಕೂದಲು ಬೋಳಿಸಿ, ನರಕ್ಕೆ ಕ್ಯಾನುಲಾ ಹಾಕಿ ಥಯೋಪೆಂಟೋನ್ ಕೊಡುತ್ತೇನೆ. ಅದು ಆಪರೇಷನ್‌ಗೆ ಪ್ರಜ್ಞೆ ತಪ್ಪಿಸಲು ಕೊಡುವ ಮದ್ದೇ, ಡೋಸ್ ಮಾತ್ರ ಜಾಸ್ತಿ. ಕಣ್ಣು ಮುಚ್ಚುವುದಿಲ್ಲ. ಉಚ್ಚೆ ಹೋಗುತ್ತದೆ. ಒಂದೆರಡು ಸಲ ಉಸಿರು ಎಳೆದ ಹಾಗೆ ಕಾಣಬಹುದು, ಅದು ಹೃದಯ ನಿಂತ ಮೇಲಿನದ್ದು. ಬದುಕಿದ್ದಾನೆ ಅಂತ ಗಾಬರಿಯಾಗಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಮೇಲೆ ಅವನ ಹಳೇ ಬೆಡ್‌ಶೀಟ್ ಹಾಕಿಡಿ. ಇಬ್ಬರು ಡಾಕ್ಟರು ಬರೆದ ಚೀಟಿಗಳ ಫೋಟೋ ನನಗೆ ಕಳಿಸಿ.

ಚಿನ್ನಿ ಬೆಕ್ಕಿನ ಮನೆ: ಬೆಕ್ಕಿಗೆ?

ಡಾಕ್ಟರ್: 3,500.

ಹುಣಸೂರು ರಸ್ತೆ: ಐದು ಸಾವಿರ ಜಾಸ್ತಿ ಆಯ್ತಲ್ವಾ? ನಮ್ಮ ಕಡೆ ಒಬ್ಬರು 600ಕ್ಕೆ ಮಾಡ್ತಾರೆ. ಒಂದೇ ಇಂಜೆಕ್ಷನ್, ಎರಡು ನಿಮಿಷ.

ಡಾಕ್ಟರ್: ಆ ಒಂದೇ ಇಂಜೆಕ್ಷನ್ ಯಾವುದು ಅಂತ ಕೇಳಿದ್ದೀರಾ? ಪ್ರಜ್ಞೆ ತಪ್ಪಿಸದೆ ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟರೆ ಎಚ್ಚರ ಇರುವಾಗಲೇ ಹೃದಯ ನಿಲ್ಲುತ್ತದೆ, ತುಂಬಾ ನೋವಾಗುತ್ತದೆ. ಮೆಗ್ನೀಸಿಯಂ ಸಲ್ಫೇಟ್ ಕೊಟ್ಟರೆ ನಾಯಿಗೆ ಎಲ್ಲವೂ ಗೊತ್ತಾಗುತ್ತಿರುತ್ತದೆ, ಅಲ್ಲಾಡಲು ಆಗುವುದಿಲ್ಲ ಅಷ್ಟೇ. ನೋಡುವವರಿಗೆ ಶಾಂತವಾಗಿ ಹೋಯಿತು ಅನಿಸುತ್ತದೆ. ಯಾರನ್ನೇ ಕರೆಸಿ, "ಮೊದಲು ಪೂರ್ತಿ ಪ್ರಜ್ಞೆ ತಪ್ಪಿಸುತ್ತೀರಾ" ಅಂತ ಕೇಳಿ. ತಡವರಿಸಿದರೆ ವಾಪಸ್ ಕಳಿಸಿ.

ಪಿಂಕಿ ಅಜ್ಜಿ: ಡಾಕ್ಟ್ರೇ, ನಮ್ಮ ಪಾಮೇರಿಯನ್ ನಾಯಿ ಪಿಂಕಿಗೆ 12 ವರ್ಷ, 7 ಕೆಜಿ. ನಿನ್ನೆ ಬೆಳಿಗ್ಗೆಯಿಂದ ನಿಲ್ಲಲು ಆಗುತ್ತಿಲ್ಲ, ಕುಡಿದವರ ಹಾಗೆ ತೂರಾಡಿ ಬೀಳುತ್ತಾಳೆ. ತಲೆ ವಾರೆಯಾಗಿದೆ, ವಾಂತಿ, ಕಣ್ಣುಗುಡ್ಡೆ ಸುಮ್ನೆ ಓಡುತ್ತಲೇ ಇದೆ. ಸ್ಟ್ರೋಕ್ ಅಂತ ಎಲ್ಲರೂ ಹೇಳುತ್ತಿದ್ದಾರೆ. ಅಮೆರಿಕದಿಂದ ಮಗ ಫೋನ್ ಮಾಡಿ, "ಹಿಂಸೆ ಬೇಡಮ್ಮ, ಇಂಜೆಕ್ಷನ್ ಕೊಡಿಸಿಬಿಡು, ದುಡ್ಡು ಹಾಕ್ತೀನಿ" ಅಂದ. ನಾಳೆಯೇ ಬರುತ್ತೀರಾ? ಎಷ್ಟು ಕೊಡಬೇಕು?

ಡಾಕ್ಟರ್: ಅಮ್ಮಾ, ದುಡ್ಡಿನ ಮಾತು ಆಮೇಲೆ. ಕಣ್ಣುಗುಡ್ಡೆ ಅಕ್ಕಪಕ್ಕ ಓಡುತ್ತಿದೆಯಾ, ಮೇಲೆ ಕೆಳಗಾ? ಕಿವಿಯಲ್ಲಿ ವಾಸನೆ, ಕೀವು ಇದೆಯಾ? ಹೋದ ಒಂದು ತಿಂಗಳಲ್ಲಿ ಯಾವ ಮಾತ್ರೆ ಕೊಟ್ಟಿದ್ದೀರಿ? ಎಲ್ಲ ಹೇಳಿ, ಬಯ್ಯುವುದಿಲ್ಲ.

ಪಿಂಕಿ ಅಜ್ಜಿ: ಮೇಲೆ ಕೆಳಗೆ. ಕಿವಿ ಚೆನ್ನಾಗಿದೆ. ಭೇದಿ ಆಗುತ್ತಿತ್ತು ಅಂತ ಮೆಟ್ರೋನಿಡಜೋಲ್ ಕೊಟ್ಟೆ. 400ರ ಮಾತ್ರೆ, ಬೆಳಿಗ್ಗೆ ಒಂದು ರಾತ್ರಿ ಒಂದು. 18 ದಿನ ಆಯಿತು. ವಾಟ್ಸ್ಯಾಪ್‌ನಲ್ಲಿ ಒಂದು ಪಟ್ಟಿ ಬಂದಿತ್ತು.

ಡಾಕ್ಟರ್: ಅಮ್ಮಾ, ಆ ಮಾತ್ರೆ ಈಗಲೇ ನಿಲ್ಲಿಸಿ. ರಾತ್ರಿಯದ್ದೂ ಬೇಡ.
ಲೆಕ್ಕ ನೋಡಿ. ದಿನಕ್ಕೆ 800 ಮಿಲಿಗ್ರಾಂ, ಪಿಂಕಿ 7 ಕೆಜಿ. ಕೆಜಿಗೆ 114 ಬಿತ್ತು. 60 ದಾಟಿದರೆ ಸಾಕು, ಈ ಮದ್ದು ಮೆದುಳಿನ ಸಮತೋಲನದ ಭಾಗಕ್ಕೆ ಏಟು ಕೊಡಬಹುದು. ಲಿವರ್ ಸರಿ ಇಲ್ಲದಿದ್ದರೆ ಅದಕ್ಕಿಂತ ಕಡಿಮೆಯಲ್ಲೂ. ನೀವು ಹೇಳಿದ್ದೆಲ್ಲ, ಅದರಲ್ಲೂ ಕಣ್ಣು ಮೇಲೆ ಕೆಳಗೆ ಓಡುವುದು, ಇದಕ್ಕೆ ಸರಿಯಾಗಿ ಹೊಂದುತ್ತದೆ. ಇದೇ ಆಗಿದ್ದರೆ ಮಾತ್ರೆ ನಿಲ್ಲಿಸಿದ ಮೇಲೆ ಕೆಲವು ದಿನದಿಂದ ಎರಡು ವಾರದೊಳಗೆ ಹೆಚ್ಚಿನ ನಾಯಿಗಳು ಎದ್ದು ಓಡಾಡುತ್ತವೆ.
ಮುದಿ ನಾಯಿಗಳಿಗೆ ಯಾವ ಕಾರಣವೂ ಇಲ್ಲದೆ ಸಮತೋಲನ ಕೆಡುವುದೂ ಇದೆ. ಅದರಲ್ಲಿ ಕಣ್ಣು ಸಾಮಾನ್ಯವಾಗಿ ಅಕ್ಕಪಕ್ಕ ಓಡುತ್ತದೆ, ಮೂರು ದಿನಕ್ಕೆ ಇಳಿಮುಖ ಆಗುತ್ತದೆ. ಅದನ್ನೂ ಜನ ಸ್ಟ್ರೋಕ್ ಅಂತಲೇ ತಿಳಿದು ದಯಾಮರಣ ಕೊಡಿಸಿಬಿಡುತ್ತಾರೆ. ಮೆದುಳಿನಲ್ಲಿ ಗಡ್ಡೆ ಇಲ್ಲ ಅಂತ ಫೋನಿನಲ್ಲಿ ಕೂತು ಹೇಳಲು ನನಗೆ ಆಗುವುದಿಲ್ಲ. ಆದರೆ ನಾಳೆ ನಾನು ಬರುವುದು ನೋಡಲು. ರಕ್ತ ತೆಗೆಯುತ್ತೇನೆ, ಬೇಕಾದರೆ ಡಯಾಜೆಪಾಮ್ ಕೊಡುತ್ತೇನೆ, ಅದು ಮೆಟ್ರೋನಿಡಜೋಲ್ ಏಟಿನಿಂದ ಬೇಗ ಚೇತರಿಸಲು ಸಹಾಯ ಮಾಡುತ್ತದೆ. ಇವತ್ತು ರಾತ್ರಿ ಮೆಟ್ಟಿಲ ಹತ್ತಿರ ಬಿಡಬೇಡಿ. ಎರಡೂ ಕಡೆ ದಿಂಬು ಇಡಿ. ನೀರು ಚಮಚದಲ್ಲಿ, ತಲೆ ಎತ್ತಿ ಹಿಡಿದು, ಸ್ವಲ್ಪ ಸ್ವಲ್ಪ. ಮಗನಿಗೆ ಎರಡು ವಾರ ಕಾಯಲು ಹೇಳಿ.

ಟಾಮಿ ಅಪ್ಪ: ನೋಡಿದಿರಾ! ಅದಕ್ಕೇ ಹೇಳುವುದು, ಜೀವ ತೆಗೆಯುವ ಹಕ್ಕು ನಮಗಿಲ್ಲ. ಎಲ್ಲ ಕರ್ಮ, ಅದು ತಾನಾಗೇ ಹೋಗಬೇಕು.

ಜೂಲಿ ಅಕ್ಕ: ಬ್ರೂನೋ ಹುಣ್ಣಿನಲ್ಲಿ ಹುಳ ಬೀಳುವವರೆಗೆ ಕಾಯಬೇಕಾ ಸರ್? ನಮ್ಮ ಜೂಲಿ ಕೊನೇ ಹನ್ನೊಂದು ದಿನ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಕರ್ಮ ಅಂದವರು ಯಾರೂ ರಾತ್ರಿ ಬಂದು ಕೂರಲಿಲ್ಲ.

ಟಾಮಿ ಅಪ್ಪ: ನಿಮ್ಮ ಅನುಭವ ನಿಮ್ಮದು. ನಿಮ್ಮ ಅಪ್ಪ ಅಮ್ಮನಿಗೂ ಹೀಗೇ ಮಾಡುತ್ತೀರಾ?

ಜೂಲಿ ಅಕ್ಕ: ಮಾತು ನೋಡಿ ಆಡಿ. ಟಾಮಿಯನ್ನು ಬಿಸಿಲಲ್ಲಿ ಗೇಟಿಗೆ ಕಟ್ಟುತ್ತೀರಿ ಅಂತ ನೀವೇ ಫೋಟೋ ಹಾಕಿದ್ದು ಇಲ್ಲೇ ಇದೆ.

ಅಡ್ಮಿನ್: ಇಬ್ಬರೂ ಸಾಕು.

ಬ್ರೂನೋ ಮನೆಯವರು: ಚೀಟಿ ಕಳಿಸಿದ್ದೇನೆ ಡಾಕ್ಟ್ರೇ. ಮನೆಯಲ್ಲಿ ಇನ್ನೊಂದು ನಾಯಿ ಇದೆ. ಅದು ಹತ್ತಿರ ಇರಬಹುದಾ?

ವಿಜಯನಗರ 2ನೇ ಹಂತ: ಸೊಂಟ ಬಿದ್ದ ನಾಯಿಗೆ ಹೀಗೆ ಮಾಡಿ ನೋಡಿ, ನೂರಕ್ಕೆ ನೂರು ಗುಣ (ಫಾರ್ವರ್ಡ್): ಡೈಕ್ಲೋಫೆನಾಕ್ ಜೆಲ್ ಹಚ್ಚಿ, ಬೆಳಿಗ್ಗೆ ಬೆಳ್ಳುಳ್ಳಿ ರಸ, ರಾತ್ರಿ ಅರ್ಧ ಪ್ಯಾರಾಸಿಟಮಾಲ್. ಬೆಕ್ಕಿಗೂ ಆಗುತ್ತದೆ.

ಡಾಕ್ಟರ್: ಅಳಿಸಿ. ಈಗಲೇ. ಅರ್ಧ ಪ್ಯಾರಾಸಿಟಮಾಲ್ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಜೆಲ್ ಹಚ್ಚಿದರೆ ನಾಯಿ ನೆಕ್ಕುತ್ತದೆ, ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ಹಾಳು. ಬೆಳ್ಳುಳ್ಳಿ ರಕ್ತದ ಕೆಂಪು ಕಣ ಒಡೆಯುತ್ತದೆ. ಮೂರರಲ್ಲಿ ಮೂರೂ ತಪ್ಪು, ಅದಕ್ಕೂ ಒಂದು ಪ್ರತಿಭೆ ಬೇಕು.

ವಿಜಯನಗರ 2ನೇ ಹಂತ: ಒಳ್ಳೆಯದಾಗಲಿ ಅಂತ ಹಾಕಿದೆ ಡಾಕ್ಟ್ರೇ. ಇಷ್ಟು ಗರ್ವ ಬೇಡ.

ಡಾಕ್ಟರ್: ಪಿಂಕಿಗೂ ಯಾರೋ ಒಳ್ಳೆಯದಾಗಲಿ ಅಂತಲೇ ಹಾಕಿದ್ದು.

ರಾಣಿ ಮನೆ: ದೊಡ್ಡ ನಾಯಿಗೆ ರೇಟ್ ಎಷ್ಟು ಸರ್?

ಡಾಕ್ಟರ್: ಮೇಲೆ ಬರೆದಿದೆ.

ಹುಣಸೂರು ರಸ್ತೆ: ಅಜ್ಜಿಯ ನಿದ್ದೆ ಮಾತ್ರೆ ಹತ್ತು ಹಾಕಿದರೆ ಖರ್ಚೇ ಇಲ್ಲ ಅಲ್ವಾ?

ಡಾಕ್ಟರ್: ಸಾಯುವುದಿಲ್ಲ. ವಾಂತಿ ಶ್ವಾಸಕೋಶಕ್ಕೆ ಹೋಗಿ ಇಡೀ ರಾತ್ರಿ ಉಸಿರಿಗೆ ಒದ್ದಾಡುತ್ತದೆ. ಬೆಳಿಗ್ಗೆ ನನಗೇ ಫೋನ್ ಬರುತ್ತದೆ. ದುಡ್ಡಿಲ್ಲದಿದ್ದರೆ ಹಾಗೆ ಹೇಳಿ, ಕಂತಿನಲ್ಲಿ ಕೊಡಿ.

ಚಿನ್ನಿ ಬೆಕ್ಕಿನ ಮನೆ: ಆಮೇಲೆ ದೇಹವನ್ನು ಕೆರೆ ಪಕ್ಕ ಬಿಟ್ಟು ಬಂದರೆ ಆಗುತ್ತಾ? ನಮ್ಮದು ಅಪಾರ್ಟ್‌ಮೆಂಟ್, ಜಾಗ ಇಲ್ಲ.

ಡಾಕ್ಟರ್: ಬೇಡ. ಆ ಮದ್ದು ಮೈಯಲ್ಲೇ ಉಳಿದಿರುತ್ತದೆ. ಕಾಗೆ, ಹದ್ದು, ಬೀದಿ ನಾಯಿ ತಿಂದರೆ ಅವೂ ಹೋಗಬಹುದು. ಯಾರದ್ದಾದರೂ ತೋಟದಲ್ಲಿ, ಬಾವಿಯಿಂದ ದೂರ, ನಾಲ್ಕು ಅಡಿ ಆಳ. ಇಲ್ಲದಿದ್ದರೆ ಪಾಲಿಕೆಯವರನ್ನು ಕೇಳಿ.

ರಾಣಿ ಮನೆ: ಮೇಲೆ ಎಲ್ಲಿ? ಸಿಗುತ್ತಿಲ್ಲ.

ಜೂಲಿ ಅಕ್ಕ: ಮೊದಲನೇ ಉತ್ತರ ಓದಿ ಮಾರಾಯ್ರೆ. 34 ಕೆಜಿಗೆ 5,000.

ಟಾಮಿ ಅಪ್ಪ: ಸಾವನ್ನೂ ಕೆಜಿ ಲೆಕ್ಕದಲ್ಲಿ ಮಾರುತ್ತಾರೆ.

ಅಡ್ಮಿನ್: ಟಾಮಿ ಅಪ್ಪ ಅವರನ್ನು ಎರಡು ದಿನ ಮ್ಯೂಟ್ ಮಾಡಿದ್ದೇನೆ. ಹೊಸ ಪ್ರಶ್ನೆ ಬೇಡ.

ಬ್ರೂನೋ ಮನೆಯವರು (ನಾಲ್ಕು ದಿನದ ನಂತರ): ಭಾನುವಾರ ಬೆಳಿಗ್ಗೆ ಆಯಿತು. ಡಾಕ್ಟರು ಹೇಳಿದ ಹಾಗೇ ಕಣ್ಣು ತೆರೆದೇ ಇತ್ತು. ಇನ್ನೊಂದನ್ನು ಮಹಡಿಯಲ್ಲಿ ಕೂಡಿಹಾಕಿದ್ದೆವು. ಈಗ ಅದು ಬ್ರೂನೋ ಬೆಡ್‌ಶೀಟ್ ಬಿಟ್ಟು ಏಳುತ್ತಿಲ್ಲ.

ಪಿಂಕಿ ಅಜ್ಜಿ: ಪಿಂಕಿ ಇವತ್ತು ಗೋಡೆಗೆ ಒರಗಿ ನಿಂತಳು. ತಲೆ ಇನ್ನೂ ವಾರೆ. ಮೊಸರನ್ನ ಮೂರು ತುತ್ತು ತಿಂದಳು, ನಾಲ್ಕನೆಯದು ನನ್ನ ಸೀರೆಗೆ.

ಡಾಕ್ಟರ್: ಒಳ್ಳೆಯದು. ತಲೆ ವಾರೆ ಇನ್ನೂ ಸ್ವಲ್ಪ ದಿನ ಇರಬಹುದು. ಲಿವರ್ ರಿಪೋರ್ಟ್ ಬಂತಾ? ಕಳಿಸಿ.