ಹುಟ್ಟಿನಿಂದಲೇ ಹೃದಯದ ತೊಂದರೆ ಇದ್ದವರು, ನಲವತ್ತು ದಾಟಿದ ಮೇಲೆ ಹೇಗಿದ್ದೀರಿ?

ಕೇಳಿದ್ದು

ನನಗೀಗ 29. ಹುಟ್ಟಿದಾಗ ಟೆಟ್ರಾಲಜಿ ಆಫ್ ಫ್ಯಾಲೋ ಇತ್ತು, ಅಂದರೆ ಹೃದಯದಲ್ಲಿ ತೂತು, ಜೊತೆಗೆ ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು. ಎರಡು ವರ್ಷ ತುಂಬಿದಾಗ ಓಪನ್ ಹಾರ್ಟ್ ಆಪರೇಷನ್ ಆಯಿತು. "ಎಲ್ಲ ಸರಿಹೋಗಿದೆ" ಎಂದು ಹೇಳಿ ಕಳಿಸಿದ್ದರಂತೆ. ಕಾಲೇಜು ಸೇರಿದ ಮೇಲೆ ಹೃದಯದ ಡಾಕ್ಟರ ಮುಖ ನೋಡಿಲ್ಲ. ತೊಂದರೆ ಏನಿಲ್ಲ, ಆಗಾಗ ಎದೆ ಡವಡವ ಎನ್ನುತ್ತದೆ ಅಷ್ಟೇ. ಈಗ ಮದುವೆ ಮಾತು ನಡೆಯುತ್ತಿದೆ, ಮುಂದೆ ಮಗು ಬೇಕೆಂಬ ಆಸೆಯೂ ಇದೆ. ನಮ್ಮಂಥವರು ನಲವತ್ತು, ಐವತ್ತು ದಾಟಿದಾಗ ಏನಾಗುತ್ತದೆ? ಹುಡುಕಿದರೆ ಬರೀ ಮಕ್ಕಳ ಬಗ್ಗೆಯೇ ಸಿಗುತ್ತದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

46 ವರ್ಷ, ಫ್ಯಾಲೋ

ನನಗೂ ಅದೇ. ಮೊದಲು ಧೈರ್ಯ ಕೊಡುವ ಮಾತು ಹೇಳಿಬಿಡುತ್ತೇನೆ. ವಾಲ್ಟನ್ ಲಿಲ್ಲೆಹೈ ಎಂಬ ಸರ್ಜನ್ ಇದನ್ನು ಮೊದಲ ಸಲ ರಿಪೇರಿ ಮಾಡಿದ್ದು 1954ರಲ್ಲಿ. ಅಂದರೆ ಚಿಕ್ಕಂದಿನಲ್ಲಿ ಆಪರೇಷನ್ ಆಗಿ ಈಗ ಅಜ್ಜ ಅಜ್ಜಿ ಆದವರೂ ನಮ್ಮಲ್ಲಿದ್ದಾರೆ. ಆದರೆ ರಿಪೇರಿ ಆದ ಹೃದಯವನ್ನು ಕೊನೆತನಕ ನೋಡಿಸಿಕೊಳ್ಳುತ್ತಲೇ ಇರಬೇಕು. ಇದನ್ನು ಎಷ್ಟೋ ಮನೆಯವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಯಾಕೆ ಅಂದರೆ, ಆಪರೇಷನ್‌ನಲ್ಲಿ ತೂತು ಮುಚ್ಚುತ್ತಾರೆ, ಶ್ವಾಸಕೋಶಕ್ಕೆ ಹೋಗುವ ಇಕ್ಕಟ್ಟಾದ ದಾರಿಯನ್ನು ಅಗಲ ಮಾಡುತ್ತಾರೆ. ಆಗ ಬಹಳ ಜನರಲ್ಲಿ ಅಲ್ಲಿನ ವಾಲ್ವ್ ಕೆಲಸಕ್ಕೆ ಬಾರದಂತಾಗುತ್ತದೆ. ಬೇರೆ ದಾರಿ ಇರುವುದಿಲ್ಲ, ಮಗು ಉಳಿಯಬೇಕಲ್ವಾ. ಆಮೇಲೆ ಪ್ರತಿ ಬಡಿತಕ್ಕೂ ಒಂದಷ್ಟು ರಕ್ತ ವಾಪಸ್ ಬಲಗಡೆಯ ಕೋಣೆಗೆ ಸೋರುತ್ತದೆ. ಸೋರಿ ಸೋರಿ ಕೋಣೆ ಹಿಗ್ಗುತ್ತದೆ. ಇದಕ್ಕೆ ಇಪ್ಪತ್ತು, ಮೂವತ್ತು ವರ್ಷ ಹಿಡಿಯಬಹುದು. ಅಲ್ಲಿಯತನಕ ನಮಗೇನೂ ಗೊತ್ತಾಗುವುದಿಲ್ಲ.

"ತೊಂದರೆ ಏನಿಲ್ಲ" ಎಂದಿರಿ. ನಾನೂ ಹಾಗೇ ಅಂದುಕೊಂಡು ಟೆಸ್ಟ್‌ಗೆ ಹೋಗಿದ್ದೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಸೈಕಲ್ ತುಳಿಸಿದರು. ನನ್ನ ವಯಸ್ಸಿನವರಿಗೆ ಇರಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ ಬಂತು. ನಾವು ಮೊದಲಿನಿಂದಲೂ ನಿಧಾನಕ್ಕೇ ನಡೆದವರು. ಮೆಟ್ಟಿಲು ಹತ್ತುವಾಗ ಮಧ್ಯೆ ನಿಂತು ಫೋನ್ ನೋಡುವ ನೆಪ ಮಾಡುತ್ತೇವೆ. ಅದು ಏದುಸಿರು ಅಂತ ನಮಗೇ ಅನಿಸುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ಮೈಯ ಮಾತು ನಂಬಬೇಡಿ, ಟೆಸ್ಟ್ ನಂಬಿ. ಎಕೋ (ಹೃದಯದ ಅಲ್ಟ್ರಾಸೌಂಡ್) ಸಾಲದು, ಬಲಗಡೆ ಕೋಣೆ ಎಷ್ಟು ಹಿಗ್ಗಿದೆ ಎಂದು ಸರಿಯಾಗಿ ಅಳೆಯುವುದು ಹೃದಯದ ಎಂ.ಆರ್.ಐ.

ನನಗೆ ಹೊಸ ವಾಲ್ವ್ ಹಾಕಿದರು, ಎದೆ ತೆರೆದೇ. ಈಗ ಕೆಲವರಿಗೆ ತೊಡೆಯ ರಕ್ತನಾಳದಿಂದ ತೂರಿಸಿಯೂ ಹಾಕುತ್ತಾರೆ. ಫಿಲಿಪ್ ಬೊನ್‌ಹೊಫರ್ 2000ದಲ್ಲಿ ಶುರು ಮಾಡಿದ ವಿಧಾನ ಅದು. ಪ್ರಾಣಿಯ ಅಂಗಾಂಶದ ವಾಲ್ವ್ ಜೀವನಪೂರ್ತಿ ಬಾಳುವುದಿಲ್ಲ, ಮುಂದೆ ಇನ್ನೊಂದು ಬೇಕಾಗುತ್ತದೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ.

ಇನ್ನು ಆ ಡವಡವ. ನಿಮ್ಮ ಪ್ರಶ್ನೆಯಲ್ಲಿ ನನಗೆ ಕಳವಳ ಆಗಿದ್ದು ಅದೊಂದೇ. ಹಳೇ ಹೊಲಿಗೆಯ ಸುತ್ತ ಕರೆಂಟ್ ದಾರಿ ತಪ್ಪಿ ಬಡಿತ ಓಡಬಹುದು. ಮಾಮೂಲಿ ಇ.ಸಿ.ಜಿ.ಯಲ್ಲೇ ಕ್ಯು.ಆರ್.ಎಸ್. ಎಂಬ ಅಳತೆ ಇರುತ್ತದೆ, ಕೆಳಗಿನ ಕೋಣೆಗಳಿಗೆ ಕರೆಂಟ್ ಹರಡಲು ಹಿಡಿಯುವ ಸಮಯ ಅದು. ಫ್ಯಾಲೋ ಆದವರಲ್ಲಿ ಅದು 180 ಮಿಲಿಸೆಕೆಂಡ್ ದಾಟಿದರೆ ಡಾಕ್ಟರು ಹುಷಾರಾಗುತ್ತಾರೆ. ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಹಾಕಿಸಿ. ತಲೆ ಸುತ್ತಿ ಬಿದ್ದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಆಗಲೇ ಎಮರ್ಜೆನ್ಸಿಗೆ ಹೋಗಿ.

33 ವರ್ಷ, ಒಂದೇ ಪಂಪಿನ ಹೃದಯ

ನನ್ನದು ಬೇರೆ ಕಥೆ. ಎರಡು ಪಂಪಿಂಗ್ ಕೋಣೆಯಲ್ಲಿ ಒಂದು ಬೆಳೆಯಲೇ ಇಲ್ಲ. ಫಾಂಟಾನ್ ಆಪರೇಷನ್ ಆಗಿದೆ. ಫ್ರಾನ್ಸಿಸ್ ಫಾಂಟಾನ್ 1968ರಲ್ಲಿ ಫ್ರಾನ್ಸ್‌ನ ಬೋರ್ಡೋದಲ್ಲಿ ಮೊದಲು ಮಾಡಿದ್ದು. ಮೈಯಿಂದ ವಾಪಸ್ ಬರುವ ರಕ್ತ ಪಂಪ್ ಇಲ್ಲದೆ ತಾನಾಗಿಯೇ ಶ್ವಾಸಕೋಶಕ್ಕೆ ಹರಿಯುತ್ತದೆ. ಹಾಗಾಗಿ ಆ ರಕ್ತನಾಳಗಳಲ್ಲಿ ಒತ್ತಡ ಯಾವಾಗಲೂ ಜಾಸ್ತಿ, ಅದರ ಪೆಟ್ಟು ಬೀಳುವುದು ಲಿವರ್‌ಗೆ. ಒಂದು ತೊಟ್ಟು ಕುಡಿಯದ ನನಗೆ ಲಿವರ್ ಗಟ್ಟಿಯಾಗಿದೆ! ಹೃದಯದ ರಿಪೋರ್ಟ್ ಚೆನ್ನಾಗಿದ್ದರೂ ಲಿವರ್ ಸ್ಕ್ಯಾನ್ ತಪ್ಪಿಸುವ ಹಾಗಿಲ್ಲ, ಕೆಲವರಲ್ಲಿ ಮುಂದೆ ಕ್ಯಾನ್ಸರ್ ಕೂಡ ಆಗುತ್ತದೆ. ಕಾಲಿನ ಸ್ನಾಯು ಗಟ್ಟಿ ಇದ್ದರೆ ರಕ್ತವನ್ನು ಮೇಲೆ ತಳ್ಳಲು ನೆರವಾಗುತ್ತದೆ ಎಂದು ಫಿಸಿಯೋಥೆರಪಿಸ್ಟ್ ಹೇಳಿದ ಮೇಲೆ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಬಿಟ್ಟಿಲ್ಲ.

ಸ್ನೋಬೋರ್ಡ್‌ನಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ ಶಾನ್ ವೈಟ್ ಹುಟ್ಟಿದ್ದು ಫ್ಯಾಲೋ ಇಟ್ಟುಕೊಂಡೇ. ನಮ್ಮ ಮನೆಯಲ್ಲಿ ಆಗಾಗ ಅವರ ಹೆಸರು ಹೇಳಿ ನನ್ನನ್ನು ಹುರಿದುಂಬಿಸುತ್ತಾರೆ. ಸಿಟ್ಟು ಬರುತ್ತದೆ. ಒಬ್ಬೊಬ್ಬರ ಹೃದಯ ಒಂದೊಂದು ಥರ. ನನಗೆ ಎಷ್ಟು ಓಡಬಹುದು ಎನ್ನುವುದನ್ನು ನನ್ನ ಟೆಸ್ಟ್ ಹೇಳಬೇಕು.

38 ವರ್ಷ, ಫ್ಯಾಲೋ, ಒಂದು ಮಗುವಿನ ತಾಯಿ

ಮಗುವಿನ ಬಗ್ಗೆ ನಾನು ಹೇಳುತ್ತೇನೆ. ರಿಪೇರಿ ಚೆನ್ನಾಗಿದ್ದರೆ ಫ್ಯಾಲೋ ಆದ ಹೆಚ್ಚಿನವರಿಗೆ ಹೆರಿಗೆ ಸಾಧ್ಯ. ಆದರೆ ಪರೀಕ್ಷೆ ಗರ್ಭ ನಿಲ್ಲುವ ಮುಂಚೆ ಆಗಬೇಕು. ಬಸಿರಿನಲ್ಲಿ ರಕ್ತದ ಪ್ರಮಾಣ ಅರ್ಧದಷ್ಟು ಏರುತ್ತದೆ, ಮೊದಲೇ ಹಿಗ್ಗಿದ ಕೋಣೆಗೆ ಅದು ದೊಡ್ಡ ಹೊರೆ. ನನಗೆ ಮೊದಲು ಎಂ.ಆರ್.ಐ. ಮಾಡಿಸಿ, ಆಮೇಲೆಯೇ ಒಪ್ಪಿಗೆ ಕೊಟ್ಟರು.

22ನೇ ಕ್ರೋಮೋಸೋಮ್‌ನ ಒಂದು ಚೂರು ಕಾಣೆಯಾಗಿದೆಯೇ ಎಂಬ ರಕ್ತಪರೀಕ್ಷೆಯನ್ನೂ ಕೇಳಿ. ಫ್ಯಾಲೋ ಇರುವ ಕೆಲವರಲ್ಲಿ ಅದು ಇರುತ್ತದೆ. ಇದ್ದರೆ ಮಗುವಿಗೆ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಇಲ್ಲದಿದ್ದರೆ ಮಗುವಿಗೂ ಹೃದಯದ ದೋಷ ಬರುವ ಸಾಧ್ಯತೆ ನೂರಕ್ಕೆ ಮೂರರಿಂದ ಐದು ಎಂದು ನನಗೆ ಹೇಳಿದ್ದರು. ಹೊಟ್ಟೆಯಲ್ಲಿದ್ದಾಗಲೇ ಮಗುವಿನ ಎಕೋ ಮಾಡಿದರು.

ಇದನ್ನು ಓದಿ ಎಲ್ಲರೂ ಧೈರ್ಯ ಮಾಡಿಬಿಡಬೇಡಿ. ಐಸೆನ್‌ಮೆಂಗರ್ ಆದವರಿಗೆ, ಅಂದರೆ ಶ್ವಾಸಕೋಶದ ಒತ್ತಡ ವಿಪರೀತ ಏರಿ ತುಟಿ ಉಗುರು ನೀಲಿಯಾದವರಿಗೆ, ಬಸಿರು ಜೀವಕ್ಕೇ ಅಪಾಯ. ಗರ್ಭ ತಡೆಯುವ ಮಾತ್ರೆಯನ್ನೂ ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ಈಸ್ಟ್ರೋಜನ್ ಇರುವುದು ರಕ್ತ ಹೆಪ್ಪುಗಟ್ಟಿಸಬಹುದು. ನೀಲಿಯಾದವರಿಗೆ, ಫಾಂಟಾನ್ ಆದವರಿಗೆ ಅದು ಆಗದು.

ಮದುವೆ ವಿಷಯ: ಹುಡುಗನ ಮನೆಗೆ ಮುಂಚೆಯೇ ಹೇಳಿದೆವು. ಎರಡು ಸಂಬಂಧ ಮುರಿದವು. ಮೂರನೆಯವರು ಡಾಕ್ಟರ ಹತ್ತಿರ ಜೊತೆಗೆ ಬಂದು ಕೂತರು.

52 ವರ್ಷ, ಟ್ರಾನ್ಸ್‌ಪೊಸಿಷನ್

ನನ್ನ ಎರಡು ದೊಡ್ಡ ರಕ್ತನಾಳಗಳು ಅದಲು ಬದಲು. ನನ್ನ ಕಾಲಕ್ಕೆ ಮಸ್ಟರ್ಡ್ ಆಪರೇಷನ್ ಮಾಡುತ್ತಿದ್ದರು, ರಕ್ತವನ್ನು ಮೇಲಿನ ಕೋಣೆಗಳಲ್ಲೇ ತಿರುಗಿಸುವುದು. ನಾಳಗಳನ್ನೇ ಕತ್ತರಿಸಿ ಸರಿಯಾದ ಜಾಗಕ್ಕೆ ಜೋಡಿಸುವ ವಿಧಾನವನ್ನು ಅಡಿಬ್ ಜಟೇನೆ ಬ್ರೆಜಿಲ್‌ನಲ್ಲಿ ಮಾಡಿ ತೋರಿಸಿದ್ದು 1975ರಲ್ಲಿ, ಅದು ಎಲ್ಲ ಕಡೆ ಬರುವಷ್ಟರಲ್ಲಿ ನಾನು ಶಾಲೆಯಲ್ಲಿದ್ದೆ. ಹಾಗಾಗಿ ಶ್ವಾಸಕೋಶಕ್ಕೆ ಮಾತ್ರ ದುಡಿಯಬೇಕಿದ್ದ ಬಲಗಡೆ ಕೋಣೆ ಇಡೀ ಮೈಗೆ ದುಡಿಯುತ್ತಿದೆ. ಪೇಸ್‌ಮೇಕರ್ ಇದೆ, ಮಾತ್ರೆ ಇದೆ, ಕೆಲಸವೂ ಇದೆ.

ತಂಗಿ, ಎರಡು ಮಾತು. ಹಲ್ಲು ಚೆನ್ನಾಗಿ ನೋಡಿಕೊಳ್ಳಮ್ಮ. ವಸಡಿನಿಂದ ರಕ್ತಕ್ಕೆ ಇಳಿದ ಕ್ರಿಮಿ ಹೃದಯದಲ್ಲಿ ಕೂತರೆ ಎಂಡೋಕಾರ್ಡೈಟಿಸ್, ವಾರಗಟ್ಟಲೆ ಡ್ರಿಪ್. ಕೃತಕ ವಾಲ್ವ್ ಇದ್ದವರು ಹಲ್ಲು ಕೀಳಿಸುವ ಮುಂಚೆ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕು. ಕಾರಣ ಗೊತ್ತಿಲ್ಲದ ಜ್ವರ ಬಿಡದಿದ್ದರೆ ಸುಮ್ಮನೆ ಆಂಟಿಬಯೋಟಿಕ್ ಶುರು ಮಾಡದೆ ಮೊದಲು ಬ್ಲಡ್ ಕಲ್ಚರ್ (ರಕ್ತದಲ್ಲಿ ಕ್ರಿಮಿ ಇದೆಯೇ ಎಂದು ನೋಡುವ ಪರೀಕ್ಷೆ) ಕೇಳಬೇಕು. ಇನ್ನೊಂದು ನನ್ನ ವಯಸ್ಸಿನವರಿಗೆ: ಹೆಪಟೈಟಿಸ್ ಸಿ ವೈರಸ್ ಗುರುತಿಸಿದ್ದೇ 1989ರಲ್ಲಿ. ದಾನಿಗಳ ರಕ್ತದಲ್ಲಿ ಅದನ್ನು ಪರೀಕ್ಷಿಸುವುದು ಶುರುವಾಗುವ ಮುಂಚೆ ಆಪರೇಷನ್‌ನಲ್ಲಿ ರಕ್ತ ಪಡೆದವರು ಒಂದು ಸಲ ಪರೀಕ್ಷೆ ಮಾಡಿಸಿ, ಈಗ ಅದು ಮಾತ್ರೆಯಲ್ಲೇ ವಾಸಿಯಾಗುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಯಾವ ಡಾಕ್ಟರ ಹತ್ತಿರ ಹೋಗಬೇಕು? ಹಳೇ ಕಾಗದ ಒಂದೂ ಇಲ್ಲ. ಎದೆ ಮಧ್ಯದ ಗುರುತಲ್ಲದೆ ಎಡಗಡೆ ಪಕ್ಕೆಯಿಂದ ಬೆನ್ನಿನ ತನಕ ಇನ್ನೊಂದು ಉದ್ದ ಗುರುತು ಇದೆ. ಅದು ಯಾಕೆಂದು ಮನೆಯಲ್ಲೂ ನೆನಪಿಲ್ಲ.

ಎಕೋ ಟೆಕ್ನಿಷಿಯನ್

ಬ್ಲಾಕ್ ಆಗಿ ಸ್ಟೆಂಟ್ ಹಾಕಿಸಿಕೊಳ್ಳುವವರನ್ನೇ ದಿನವೂ ನೋಡುವ ಹೃದಯ ತಜ್ಞರಿಗೆ ನಿಮ್ಮ ಹೃದಯ ಅಪರೂಪ. ಹುಟ್ಟು ಹೃದಯದೋಷ ಇರುವ ದೊಡ್ಡವರನ್ನು ನೋಡುವವರನ್ನೇ ಹುಡುಕಿ. ಸಿಗದಿದ್ದರೆ ಮಕ್ಕಳ ಹೃದಯ ತಜ್ಞರನ್ನೇ ಕೇಳಿ, ಅವರು ಯಾರ ಹತ್ತಿರ ಕಳಿಸಬೇಕೆಂದು ಹೇಳುತ್ತಾರೆ. ಆಪರೇಷನ್ ಆದ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗದಲ್ಲಿ ಡಿಸ್ಚಾರ್ಜ್ ಸಮರಿ ಒಂದೇ ಕೇಳಬೇಡಿ, ಸರ್ಜನ್ ಬರೆದ ಆಪರೇಷನ್ ನೋಟ್ಸ್ ಕೇಳಿ.

ಪಕ್ಕೆಯ ಗುರುತು ಬಹುಶಃ ಬಿ.ಟಿ. ಶಂಟ್‌ನದು. ದೊಡ್ಡ ಆಪರೇಷನ್‌ಗೆ ಮುಂಚೆ, ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶಕ್ಕೆ ದಾರಿ ಮಾಡಿ ಮಗುವನ್ನು ಉಳಿಸಿಕೊಳ್ಳುತ್ತಾರೆ. 1944ರಿಂದಲೂ ಇರುವ ವಿಧಾನ. ಅದಾಗಿದ್ದರೆ ಎಡಗೈಯಲ್ಲಿ ಬಿಪಿ ಕಡಿಮೆ ತೋರಿಸಬಹುದು. ನೀವೇ ಹೇಳಿ ಎರಡೂ ಕೈಯಲ್ಲಿ ನೋಡಿಸಿ, ಜಾಸ್ತಿ ಬಂದದ್ದನ್ನೇ ಬರೆಸಿ. ಎಕೋ ಮಾಡುವವರಿಗೂ ಆ ಗುರುತಿನ ವಿಷಯ ಮೊದಲೇ ತಿಳಿಸಿ, ಮಲಗಿಸಿ ಜೆಲ್ ಹಚ್ಚುವ ನಮಗೆ ಬೆನ್ನು ಕಾಣುವುದಿಲ್ಲ.