ಓಟಿಎಸ್‌ಆರ್ ಸಿಕ್ಕಿದೆ, ಮೆಲ್ಬರ್ನ್‌ಗೆ ಬಂದ ಕೂಡಲೇ ವೈರಿಂಗ್ ಕೆಲಸ ಹಿಡಿಯಬಹುದಾ?

ಪ್ರಶ್ನೆ: ಭಾರತದಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಒಂಬತ್ತು ವರ್ಷ ದುಡಿದಿದ್ದೇನೆ. ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾದವರ ಪರೀಕ್ಷೆ ಪಾಸಾಗಿ ಆಫ್‌ಶೋರ್ ಟೆಕ್ನಿಕಲ್ ಸ್ಕಿಲ್ಸ್ ರೆಕಾರ್ಡ್, ಅಂದರೆ ಓಟಿಎಸ್‌ಆರ್ ಬಂದಿದೆ. ಇದೇ ಲೈಸೆನ್ಸ್ ತಾನೇ? ಅಲ್ಲ ಅಂದರೆ ನನ್ನ ಅನುಭವಕ್ಕೆ ಬೆಲೆಯೇ ಇಲ್ಲವಾ?

ಉತ್ತರ: ಖಂಡಿತ ಇದೆ. ಇಲ್ಲದಿದ್ದರೆ ನೀವು ಹುಡುಗರ ಜೊತೆ ನಾಲ್ಕು ವರ್ಷದ ಅಪ್ರೆಂಟಿಸ್‌ಶಿಪ್ ಮೊದಲಿಂದ ಮಾಡಬೇಕಿತ್ತು. ಇವರಿಗೆ ಕೆಲಸ ಬರುತ್ತದೆ, ಇಲ್ಲಿನ ಪದ್ಧತಿ ಕಲಿಯುವುದಷ್ಟೇ ಬಾಕಿ ಅಂತ ಓಟಿಎಸ್‌ಆರ್ ಹೇಳುತ್ತದೆ. ಆದರೆ ಅದು ಲೈಸೆನ್ಸ್ ಅಲ್ಲ. ವೀಸಾ ಕೊಡುವುದು ಕೇಂದ್ರ ಸರ್ಕಾರ, ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಅದು ಎನರ್ಜಿ ಸೇಫ್ ವಿಕ್ಟೋರಿಯಾ ಎಂಬ ಸಂಸ್ಥೆಯ ಕೈಯಲ್ಲಿದೆ.

ಮೊದಲು ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ತಾತ್ಕಾಲಿಕ ಅನುಮತಿ ಪಡೆಯಬೇಕು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದಕ್ಕೆ ಟ್ರೈನಿಂಗ್ ಪರ್ಮಿಟ್ ಎನ್ನುತ್ತಾರೆ, ಹೆಸರು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಮೇಲೆ ಸುಮಾರು 12 ತಿಂಗಳು ಲೈಸೆನ್ಸ್ ಇರುವವರ ಜೊತೆ ದುಡಿಯುತ್ತಾ ಗ್ಯಾಪ್ ಟ್ರೈನಿಂಗ್, ಅಂದರೆ ಇಲ್ಲಿನ ಪದ್ಧತಿಯಲ್ಲಿ ನಿಮಗೆ ಬಾಕಿ ಇರುವುದರ ತರಬೇತಿ ಮುಗಿಸಿ, ಸರ್ಟಿಫಿಕೇಟ್ ತ್ರೀ ಎಂಬ ಇಲ್ಲಿಯ ಎಲೆಕ್ಟ್ರಿಷಿಯನ್ ಅರ್ಹತೆ ಪಡೆದರೆ, ಪೂರ್ತಿ ಲೈಸೆನ್ಸ್‌ಗೆ ಅರ್ಜಿ ಹಾಕಬಹುದು.

ಗ್ಯಾಪ್ ಟ್ರೈನಿಂಗ್ ಕಾಟಾಚಾರದ್ದು ಅಂದುಕೊಳ್ಳಬೇಡಿ. ಭಾರತದಲ್ಲಿ ನಮ್ಮ ಕೈ ನೀಲಿ ವೈರನ್ನು ಫೇಸ್ ಎಂದೇ ಹಿಡಿಯುತ್ತದೆ. ಇಲ್ಲಿ ಉಪಕರಣದ ಕಾರ್ಡ್‌ನಲ್ಲಿ ತಿಳಿನೀಲಿ ಅಂದರೆ ನ್ಯೂಟ್ರಲ್. ಮೂರು ಫೇಸಿನ ಹಳೆಯ ವೈರಿಂಗ್‌ನಲ್ಲಿ ಬಿಳಿಯೂ ಜೀವಂತ ವೈರೇ. ಇನ್ನು ಅರ್ಥಿಂಗ್. ಇಲ್ಲಿರುವುದು ಎಂಇಎನ್ ಪದ್ಧತಿ: ಮುಖ್ಯ ಸ್ವಿಚ್‌ಬೋರ್ಡ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಒಂದು ಲಿಂಕಿನಲ್ಲಿ ಸೇರುತ್ತವೆ. ಗೊತ್ತಿಲ್ಲದೆ ಸಬ್‌ಬೋರ್ಡ್‌ನಲ್ಲೂ ಸೇರಿಸಿದರೆ ನ್ಯೂಟ್ರಲ್‌ನ ಕರೆಂಟ್ ಅರ್ಥ್ ವೈರಿನಲ್ಲೂ ಹರಿಯುತ್ತದೆ. ಸರಬರಾಜಿನ ನ್ಯೂಟ್ರಲ್ ಕಡಿದುಹೋದರಂತೂ ನಲ್ಲಿ ಮುಟ್ಟಿದವರಿಗೂ ಶಾಕ್ ಹೊಡೆಯಬಹುದು. ಎಎಸ್ ಎನ್‌ಜೆಡ್‌ಎಸ್ 3000, ಅಂದರೆ ಇಲ್ಲಿಯ ವೈರಿಂಗ್ ರೂಲ್ಸ್ ಪುಸ್ತಕವನ್ನು ಕ್ಲಾಸಿಗೆ ಸೇರುವ ಮೊದಲೇ ತಿರುವಿಹಾಕಿ. ಬಾಯಿಪಾಠ ಬೇಡ, ಯಾವ ವಿಷಯ ಯಾವ ಭಾಗದಲ್ಲಿದೆ ಅಂತ ತಟ್ಟನೆ ಹುಡುಕಲು ಬರಬೇಕು.

ಮರುಪ್ರಶ್ನೆ: ಒಬ್ಬರು ಕೆಲಸ ಕೊಡಲು ಒಪ್ಪಿದ್ದಾರೆ. ಸೈಟಿಗೆ ನೀನೊಬ್ಬನೇ ಹೋಗು, ಫೋನಿನಲ್ಲಿ ನಾನಿರುತ್ತೇನೆ ಅನ್ನುತ್ತಾರೆ.

ಉತ್ತರ: ದಯವಿಟ್ಟು ಒಪ್ಪಬೇಡಿ. ಈ ಹಂತದಲ್ಲಿ ಮೇಲ್ವಿಚಾರಣೆ ಅಂದರೆ ಅವರು ನಿಮ್ಮ ಜೊತೆ ಸೈಟಿನಲ್ಲೇ ಇರಬೇಕು. ಪರಿಚಯದವರ ಮನೆಯಲ್ಲಿ ಒಂದು ಸಾಕೆಟ್ ಹಾಕಿಕೊಡುವುದೂ ಬೇಡ, ದುಡ್ಡು ತೆಗೆದುಕೊಳ್ಳದಿದ್ದರೂ ಅದು ಲೈಸೆನ್ಸ್ ಇಲ್ಲದ ಕೆಲಸವೇ.

ದಿನದ ಕೆಲಸವನ್ನು ಅಂದೇ ಬರೆದು ವಾರ ವಾರ ಮೇಲ್ವಿಚಾರಕರ ಸಹಿ ಹಾಕಿಸಿಕೊಳ್ಳಿ. ನಾನು ಕೊನೆಗೆ ಒಟ್ಟಿಗೆ ಹಾಕಿಸಿದರಾಯಿತು ಅಂತ ಬಿಟ್ಟೆ. ಆ ಕೆಲಸ ಬಿಟ್ಟ ಮೇಲೆ ಮೇಲ್ವಿಚಾರಕರು ಫೋನ್ ಎತ್ತಲಿಲ್ಲ. ನಾಲ್ಕು ತಿಂಗಳ ದುಡಿಮೆಗೆ ದಾಖಲೆಯೇ ಇಲ್ಲದೆ ಮತ್ತೆ ಎಣಿಸಬೇಕಾಯಿತು. ನಿಮಗೆ ಹಾಗಾಗಬಾರದು.

ಇನ್ನೊಬ್ಬರ ಪ್ರಶ್ನೆ: ನನ್ನ ಗಂಡ ಎಸಿ ಮೆಕ್ಯಾನಿಕ್. ಅವರಿಗೂ ಇದೇ ದಾರಿಯಾ?

ಉತ್ತರ: ಹೆಚ್ಚುಕಡಿಮೆ ಇದೇ. ಆದರೆ ಗ್ಯಾಸ್ ಮುಟ್ಟಬೇಕಾದರೆ ಆಸ್ಟ್ರೇಲಿಯನ್ ರೆಫ್ರಿಜರೇಷನ್ ಕೌನ್ಸಿಲ್ ಕೊಡುವ ರೆಫ್ರಿಜರೆಂಟ್ ಹ್ಯಾಂಡ್ಲಿಂಗ್ ಲೈಸೆನ್ಸ್ ಪ್ರತ್ಯೇಕವಾಗಿ ಬೇಕು. ಕಲಿಯುವ ಹಂತದವರಿಗೆ ಟ್ರೈನಿ ಲೈಸೆನ್ಸ್ ಇದೆ, ಮೊದಲು ಅದನ್ನು ವಿಚಾರಿಸಲಿ.